ಮಂಗೋಲರ ದಾಯಾದಿ ಕದನ: ಬರ್ಕೆ–ಹುಲಗು ಯುದ್ಧದ ಆಕರಗಳ ವಿಮರ್ಶೆ

ಕಾಕಸಸ್ ಪರ್ವತಶ್ರೇಣಿಯ ಇಕ್ಕೆಲಗಳಲ್ಲಿ 1262ರಲ್ಲಿ ಹೊತ್ತಿಕೊಂಡ ಯುದ್ಧವು ಮಂಗೋಲ್ ಸಾಮ್ರಾಜ್ಯದ ಪಶ್ಚಿಮ ಭಾಗವನ್ನು ಎರಡಾಗಿ ಸೀಳಿತು. ಉತ್ತರದಲ್ಲಿ ವೋಲ್ಗಾ ನದಿಯ ಹುಲ್ಲುಬಯಲುಗಳನ್ನು ಆಳುತ್ತಿದ್ದವನು ಬರ್ಕೆ. ಅವನ ಪ್ರಭುತ್ವಕ್ಕೆ ಮುಂದೆ ಗೋಲ್ಡನ್ ಹೋರ್ಡ್ ಎಂಬ ಹೆಸರು ಬಂದಿತು. ದಕ್ಷಿಣದಲ್ಲಿ ಇರಾನ್ ಮತ್ತು ಅಜರ್‌ಬೈಜಾನ್‌ಗಳಲ್ಲಿ ಬೇರೂರಿದವನು ಹುಲಗು. ಮೊದಲನೆಯವನು ಚಂಗೀಸ್ ಖಾನನ ಹಿರಿಯ ಮಗ ಜೋಚಿಯ ಮಗ. ಎರಡನೆಯವನು ಕಿರಿಯ ಮಗ ತೊಲುಯ್‌ನ ಮಗ. ಈ ಯುದ್ಧಕ್ಕೆ ಸಾಮಾನ್ಯ ಚರಿತ್ರೆಯ ಪುಸ್ತಕಗಳು ಕೊಡುವ ಕಾರಣ ಸರಳವಾದುದು: ಹುಲಗು 1258ರಲ್ಲಿ ಬಾಗ್ದಾದನ್ನು ಸೂರೆಗೊಂಡು ಖಲೀಫ ಅಲ್-ಮುಸ್ತಅಸಿಮ್‌ನನ್ನು ಕೊಲ್ಲಿಸಿದನು; ಇಸ್ಲಾಮನ್ನು ಸ್ವೀಕರಿಸಿದ್ದ ಬರ್ಕೆ ಅದಕ್ಕೆ ಸೇಡು ತೀರಿಸಿಕೊಳ್ಳಲು ಹೊರಟನು. ಕಥೆ ಅಚ್ಚುಕಟ್ಟಾಗಿದೆ. ಆದರೆ ಇದು ಯಾವ ಭಾಷೆಯಲ್ಲಿ, ಯಾರ ಕೈಯಿಂದ, ಯಾವ ಪ್ರಯೋಜನಕ್ಕಾಗಿ ಬರೆಯಲ್ಪಟ್ಟಿತು ಎಂದು ಕೇಳಿದೊಡನೆ ಅದರ ಅಚ್ಚುಕಟ್ಟು ಸಡಿಲವಾಗತೊಡಗುತ್ತದೆ.

ಘಟನಾವಳಿಯನ್ನು ಸಂಗ್ರಹವಾಗಿ ಹೇಳುವುದಾದರೆ, 1259ರಲ್ಲಿ ಮಹಾಖಾನ್ ಮೊಂಗ್ಕೆ ಚೀನಾದ ದಂಡಯಾತ್ರೆಯ ನಡುವೆ ಮರಣಹೊಂದಿದನು. ಮರುವರ್ಷ ಅವನ ತಮ್ಮಂದಿರಾದ ಕುಬ್ಲಾಯ್ ಮತ್ತು ಅರಿಗ್ ಬೋಕೆ ಬೇರೆ ಬೇರೆ ಕುರುಲ್ತಾಯ್‌ಗಳನ್ನು, ಎಂದರೆ ರಾಜವಂಶದವರ ಸಭೆಗಳನ್ನು, ಸೇರಿಸಿ ಇಬ್ಬರೂ ಮಹಾಖಾನರೆನಿಸಿಕೊಂಡರು. ಅವರ ಕಾಳಗ 1264ರವರೆಗೆ ನಡೆಯಿತು. ತಪ್ಪುಒಪ್ಪುಗಳನ್ನು ತೀರ್ಮಾನಿಸಬಲ್ಲ ಮನೆಯ ಯಜಮಾನನೇ ಇಲ್ಲದ ಈ ಅವಧಿಯಲ್ಲಿಯೇ ಪಶ್ಚಿಮದ ದಾಯಾದಿಗಳು ಪರಸ್ಪರ ಆಯುಧ ಹಿಡಿದರು.

ಈ ಯುದ್ಧದ ಆಕರಗಳಲ್ಲಿ ಮೊದಲು ಗಮನಕ್ಕೆ ಬರುವುದು ಒಂದು ಮೌನ. ಮಂಗೋಲರ ಸ್ವಂತ ಭಾಷೆಯ ಮಹತ್ಕೃತಿಯಾದ ‘ಮಂಗೋಲರ ರಹಸ್ಯ ಇತಿಹಾಸ’ವು ಒಗೆದಾಯ್‌ನ ಆಳ್ವಿಕೆಯೊಂದಿಗೆ ಮುಗಿಯುತ್ತದೆ, ಅದು ಉಳಿದು ಬಂದಿರುವುದೂ ಚೀನೀ ಅಕ್ಷರಗಳಲ್ಲಿ ಮಾಡಿದ ಲಿಪ್ಯಂತರದ ಮೂಲಕ. ಹುಲಗುವಿನ ಸೇವೆಯಲ್ಲಿದ್ದು ಎಲ್ಲವನ್ನೂ ಹತ್ತಿರದಿಂದ ಕಂಡ ಪರ್ಷಿಯನ್ ಇತಿಹಾಸಕಾರ ಜುವೈನಿ, ಇಸ್ಮಾಯಿಲಿ ಕೋಟೆಗಳ ಪತನವನ್ನು ವರ್ಣಿಸಿ ಲೇಖನಿಯನ್ನು ಕೆಳಗಿಡುತ್ತಾನೆ; ಬಾಗ್ದಾದಿನ ಪತನವೂ ಅವನ ಗ್ರಂಥದಲ್ಲಿಲ್ಲ. ದೆಹಲಿಯ ಸುಲ್ತಾನನ ಆಶ್ರಯದಲ್ಲಿ ‘ತಬಕಾತ್-ಇ ನಾಸಿರಿ’ಯನ್ನು ಬರೆದ ಜೂಜ್ಜಾನಿ 1260ರಲ್ಲಿಯೇ ತನ್ನ ಕೃತಿಯನ್ನು ಮುಗಿಸಿದನು. ಬರ್ಕೆಯ ಪ್ರಭುತ್ವದಲ್ಲಂತೂ ಸಮಕಾಲೀನವಾದ ಒಂದು ಚರಿತ್ರೆಯೂ ಹುಟ್ಟಿದಂತಿಲ್ಲ. ಹೀಗಾಗಿ ಯುದ್ಧದ ಒಂದು ಪಕ್ಷದ ಮಾತನ್ನು ಎದುರಾಳಿಗಳು ಪರ್ಷಿಯನ್ನಿನಲ್ಲಿ, ಮಿತ್ರರು ಅರಬ್ಬೀಯಲ್ಲಿ ಮತ್ತು ನೆರೆಹೊರೆಯವರು ಅರ್ಮೇನಿಯನ್ನಿನಲ್ಲಿ ಬರೆದಿಟ್ಟರು.

ಧರ್ಮಯುದ್ಧವೆಂಬ ನಿರೂಪಣೆಗೆ ಅತ್ಯಂತ ಬಲವಾದ ಆಧಾರ ಕೈರೋದಿಂದ ಬರುತ್ತದೆ. ಸುಲ್ತಾನ್ ಬೈಬರ್ಸ್‌ನ ಆಸ್ಥಾನ ಕಾರ್ಯದರ್ಶಿಯೂ ಜೀವನಚರಿತ್ರಕಾರನೂ ಆಗಿದ್ದ ಇಬ್ನ್ ಅಬ್ದ್ ಅಲ್-ಜಾಹಿರ್, ಬರ್ಕೆಗೆ ಹೋದ ಪತ್ರವನ್ನು ತಾನೇ ರಚಿಸಿದವನು. ಹುಲಗುವಿನ ಮೇಲೆ ಯುದ್ಧ ಸಾರುವಂತೆ ಪ್ರೇರೇಪಿಸುವ ಆ ಪತ್ರದಲ್ಲಿ, ಧರ್ಮಕ್ಕಾಗಿ ಸ್ವಂತ ಬಂಧುಗಳೊಡನೆಯೂ ಹೋರಾಡಬೇಕಾಗುತ್ತದೆ, ಪ್ರವಾದಿಯವರು ತಮ್ಮ ಕುಲದವರೊಡನೆಯೇ ಹೋರಾಡಿದರು ಎಂಬ ವಾದವಿದೆ. ಈ ವಾದವನ್ನು ಎರಡು ಬಗೆಯಾಗಿ ಓದಬಹುದು. ಮೇಲುನೋಟಕ್ಕೆ ಇದು ಧರ್ಮದ ಕರೆ. ಒಳಹೊಕ್ಕು ನೋಡಿದರೆ, ಬರ್ಕೆಯ ಮುಂದಿದ್ದ ನಿಜವಾದ ತಡೆ ರಕ್ತಸಂಬಂಧವೆಂಬುದನ್ನು ಕೈರೋದ ಕಾರ್ಯದರ್ಶಿ ಚೆನ್ನಾಗಿ ಬಲ್ಲವನಾಗಿದ್ದನು ಎಂಬುದು ಸ್ಪಷ್ಟವಾಗುತ್ತದೆ.

ಕೈರೋಗೆ ಈ ಮೈತ್ರಿಯ ಅಗತ್ಯ ಸಣ್ಣದಾಗಿರಲಿಲ್ಲ. 1260ರ ಸೆಪ್ಟೆಂಬರಿನಲ್ಲಿ ಐನ್ ಜಾಲೂತ್‌ನಲ್ಲಿ ಮಮ್ಲೂಕರು ಹುಲಗುವಿನ ಸೈನ್ಯವನ್ನು ಸೋಲಿಸಿದ್ದರೂ ಅಪಾಯ ತಪ್ಪಿರಲಿಲ್ಲ. ಇದರ ಜೊತೆಗೆ, ಮಮ್ಲೂಕ್ ಸೈನ್ಯಕ್ಕೆ ಸೇರುತ್ತಿದ್ದ ಗುಲಾಮ ಯೋಧರು ಬರುತ್ತಿದ್ದುದು ಬರ್ಕೆ ಆಳುತ್ತಿದ್ದ ಕಿಪ್ಚಾಕ್ ಬಯಲುಗಳಿಂದ. ಬೈಬರ್ಸ್ ತಾನೂ ಹಾಗೆ ಬಂದವನೇ. ಇರಾನಿನ ಹಾದಿಯನ್ನು ಹುಲಗು ಹಿಡಿದಿದ್ದುದರಿಂದ ಕಪ್ಪು ಸಮುದ್ರದ ಜಲಮಾರ್ಗ ಮಾತ್ರ ಉಳಿದಿತ್ತು. ಕೈರೋದ ಪತ್ರಗಳು ಧರ್ಮದ ಭಾಷೆಯನ್ನಾಡುತ್ತಿದ್ದಾಗ ಅವುಗಳ ಹಿಂದೆ ಸೈನ್ಯವನ್ನು ಉಳಿಸಿಕೊಳ್ಳುವ ಲೆಕ್ಕಾಚಾರವೂ ಇತ್ತು. ಅಂತಹ ಪತ್ರಗಳನ್ನು ಯುದ್ಧದ ಕಾರಣಕ್ಕೆ ಸಾಕ್ಷಿಯಾಗಿ ಅಲ್ಲ, ಯುದ್ಧವನ್ನು ಬೆಳೆಸಲು ಮಾಡಿದ ಪ್ರಯತ್ನಕ್ಕೆ ಸಾಕ್ಷಿಯಾಗಿ ಓದುವುದು ನ್ಯಾಯವಾದುದು.

ಎರಡನೆಯ ಪ್ರಮುಖ ಆಕರ ರಶೀದುದ್ದೀನನ ‘ಜಾಮಿ ಉತ್-ತವಾರೀಖ್’. ಹಮದಾನಿನ ಯಹೂದಿ ಮನೆತನದಲ್ಲಿ ಹುಟ್ಟಿ, ವೈದ್ಯನಾಗಿ, ಇಸ್ಲಾಮನ್ನು ಸ್ವೀಕರಿಸಿ, ವಜೀರನ ಪದವಿಗೇರಿದ ಈ ವಿದ್ವಾಂಸ 1318ರಲ್ಲಿ ವಧೆಗೊಳಗಾದನು. ಕೃತಿಯನ್ನು ಬರೆಯಿಸಿದ ಘಜಾನ್ ಹುಲಗುವಿನ ಮರಿಮಗ. ಇಷ್ಟರಿಂದಲೇ ಇದನ್ನು ಆಸ್ಥಾನದ ಮುಖಸ್ತುತಿ ಎಂದು ತಳ್ಳಿಹಾಕಲಾಗದು. 1263ರ ಜನವರಿಯಲ್ಲಿ ಹುಲಗುವಿನ ಪಡೆ ತೆರೆಕ್ ನದಿಯನ್ನು ದಾಟಿ, ಬರ್ಕೆಯ ಕಡೆಯವರು ತೊರೆದ ಶಿಬಿರಗಳಲ್ಲಿ ಮೈಮರೆತು, ಬಳಿಕ ಶತ್ರು ಮೇಲೆರಗಿದಾಗ ಓಡಿ, ಹೆಪ್ಪುಗಟ್ಟಿದ ನದಿಯ ಮಂಜು ಕುಸಿದು ಮುಳುಗಿದುದನ್ನು ಅವನು ಮುಚ್ಚಿಡುವುದಿಲ್ಲ. ಅವನ ಪಕ್ಷಪಾತ ಸೋಲುಗೆಲುವುಗಳ ವರದಿಯಲ್ಲಿಲ್ಲ. ಅದು ಕಾರಣಗಳ ಜೋಡಣೆಯಲ್ಲಿದೆ.

ಹುಲಗುವಿನ ಸೈನ್ಯದೊಡನೆ ಬಂದಿದ್ದ ಜೋಚಿ ವಂಶದ ಮೂವರು ರಾಜಕುಮಾರರ ಮರಣದ ಪ್ರಸಂಗ ಇದಕ್ಕೆ ನಿದರ್ಶನ. ರಶೀದುದ್ದೀನನ ಪ್ರಕಾರ ಅವರಲ್ಲಿ ತುತಾರ್ ಎಂಬವನ ಮೇಲೆ ಮಾಟದ ಆರೋಪ ಬಂದಿತು. ಹುಲಗು ಅವನನ್ನು ಬರ್ಕೆಯ ಬಳಿಗೆ ಕಳುಹಿಸಿದನು. ಬರ್ಕೆ ಅವನನ್ನು ಹಿಂದಕ್ಕೆ ಕಳುಹಿಸಿದ ಮೇಲೆಯೇ ವಧೆ ನಡೆಯಿತು. ಅಂದರೆ ಕೊಲೆಗೆ ಬರ್ಕೆಯ ಒಪ್ಪಿಗೆಯಿತ್ತೆಂದೂ ಹುಲಗು ಚಂಗೀಸನ ಕಟ್ಟಳೆಯನ್ನು ಮೀರಲಿಲ್ಲವೆಂದೂ ಓದುಗನು ತಿಳಿಯಬೇಕು. ಅದೇ ಪ್ರಸಂಗವನ್ನು ಅರ್ಮೇನಿಯದ ಅಕ್ನೇರಿನ ಗ್ರಿಗೋರ್ ಬೇರೆ ರೀತಿಯಲ್ಲಿ ಹೇಳುತ್ತಾನೆ: ಹುಲಗು ಆ ನಾಡಿನ ಒಡೆಯನಾಗುವುದನ್ನು ಒಪ್ಪದ ರಾಜಕುಮಾರರು ಕೊಲ್ಲಲ್ಪಟ್ಟರು. ಮಾಟ ಒಂದೆಡೆ, ಒಡೆತನ ಇನ್ನೊಂದೆಡೆ. ಎರಡನೆಯ ಹೇಳಿಕೆ ಯುದ್ಧದ ಬೇರಿಗೆ ಹತ್ತಿರವಾಗಿದೆ.

ಹುಲಗು ಮುಸಲ್ಮಾನ ನಗರಗಳನ್ನು ಹಾಳುಗೆಡವಿದನು, ಖಲೀಫನನ್ನು ಕೊಂದನು ಎಂಬ ದೂರನ್ನು ರಶೀದುದ್ದೀನನೇ ಬರ್ಕೆಯ ಬಾಯಲ್ಲಿ ಇಡುತ್ತಾನೆಂಬುದು ನಿಜ. ಆದರೆ ಆ ದೂರಿಗೆ ಒಂದು ಬಾಲವಿದೆ: ಹಿರಿಯ ಕಿರಿಯ ಬಂಧುಗಳನ್ನು ಕೇಳದೆ ಹಾಗೆ ಮಾಡಿದನು ಎಂಬುದು. ಸರಳ ನಿರೂಪಣೆಗಳು ಈ ಬಾಲವನ್ನು ಕತ್ತರಿಸಿಬಿಡುತ್ತವೆ. ಗೆದ್ದ ನಾಡು ಇಡೀ ವಂಶದ ಆಸ್ತಿ, ಅದರ ವಿಷಯದಲ್ಲಿ ಒಬ್ಬನೇ ತೀರ್ಮಾನ ಮಾಡಕೂಡದು ಎಂಬ ಮಂಗೋಲ್ ನಿಯಮವೇ ಅಲ್ಲಿ ಮಾತನಾಡುತ್ತಿದೆ. ಕನ್ನಡದ ‘ದಾಯಾದಿ’ ಎಂಬ ಶಬ್ದ ಈ ಸಂಬಂಧವನ್ನು ಎಷ್ಟು ನಿಖರವಾಗಿ ಹಿಡಿಯುತ್ತದೆಯೋ ‘ಅಂತರ್ಯುದ್ಧ’ ಎಂಬ ಆಧುನಿಕ ಪದ ಅಷ್ಟು ಹಿಡಿಯಲಾರದು. ಅಂತರ್ಯುದ್ಧಕ್ಕೆ ಒಂದು ರಾಜ್ಯ ಬೇಕು. ದಾಯಾದಿ ಕದನಕ್ಕೆ ಹಂಚದೆ ಉಳಿದ ಪಾಲು ಸಾಕು.

ಆ ಪಾಲು ಯಾವುದೆಂಬುದೂ ಅಸ್ಪಷ್ಟವಲ್ಲ. ಕುರಾ ಮತ್ತು ಅರಾಸ್ ನದಿಗಳ ಸುತ್ತಲಿನ ಅರ್ರಾನ್ ಹಾಗೂ ಮುಘಾನ್ ಬಯಲುಗಳು ಚಳಿಗಾಲದಲ್ಲೂ ಮೇವು ಕೊಡುವ ನೆಲ. ಕುದುರೆಯನ್ನೇ ನೆಚ್ಚಿದ ಸೈನ್ಯಕ್ಕೆ ಅವು ಕೋಟೆಗಳಿಗಿಂತ ಅಮೂಲ್ಯ. ಈ ಪ್ರದೇಶ ತಮಗೆ ಸಲ್ಲಬೇಕಾದುದೆಂಬ ಜೋಚಿ ವಂಶದವರ ಹಕ್ಕುಸಾಧನೆಯನ್ನು ಹದಿನಾಲ್ಕನೆಯ ಶತಮಾನದ ಅರಬ್ಬೀ ಲೇಖಕ ಅಲ್-ಉಮರಿ ದಾಖಲಿಸುತ್ತಾನೆ. ಯುದ್ಧಕ್ಕೆ ಸುಮಾರು ಹತ್ತು ವರ್ಷ ಮುಂಚೆ ಆ ಸೀಮೆಗೆ ಬಂದಿದ್ದ ಫ್ರಾನ್ಸಿಸ್ಕನ್ ಪಾದ್ರಿ ರುಬ್ರೂಕ್‌ನ ವಿಲಿಯಂ ಇನ್ನೊಂದು ಬೆಲೆಯುಳ್ಳ ಸಂಗತಿಯನ್ನು ತಿಳಿಸುತ್ತಾನೆ: ಬರ್ಕೆ ಮೊದಲು ದರ್ಬೆಂದ್ ಕಣಿವೆಯ ಕಡೆ ಬೀಡುಬಿಟ್ಟು, ಅಲ್ಲಿ ಹಾದುಹೋಗುವವರಿಂದ ಕಾಣಿಕೆ ಪಡೆಯುತ್ತಿದ್ದನು, ಅವನ ಅಣ್ಣ ಬಾತು ಅವನನ್ನು ಅಲ್ಲಿಂದ ಎಬ್ಬಿಸಿ ವೋಲ್ಗಾದ ಪೂರ್ವಕ್ಕೆ ಕಳುಹಿಸಿದನು. ಕಾಕಸಸ್‌ನ ಹಾದಿ ಎಷ್ಟು ಲಾಭದಾಯಕವೆಂಬುದು ಬರ್ಕೆಗೆ ಸ್ವಾನುಭವದಿಂದ ತಿಳಿದಿತ್ತು.

ಧರ್ಮವೇ ಕಾರಣವಾಗಿದ್ದರೆ ಧರ್ಮಭೇದ ಅಳಿದಾಗ ಜಗಳವೂ ಅಳಿಯಬೇಕಿತ್ತು. ಹಾಗಾಗಲಿಲ್ಲ. ಹುಲಗು 1265ರಲ್ಲಿ ತೀರಿಕೊಂಡನು. ಸ್ವಲ್ಪ ಕಾಲದಲ್ಲೇ ಬರ್ಕೆಯೂ ತೀರಿಕೊಂಡನು. ಘಜಾನ್ 1295ರಲ್ಲಿ ಇಸ್ಲಾಮನ್ನು ಸ್ವೀಕರಿಸಿದ ಮೇಲೂ ಉತ್ತರದವರು ಅಜರ್‌ಬೈಜಾನ್ ಮೇಲಿನ ಹಕ್ಕನ್ನು ಬಿಡಲಿಲ್ಲ. ಮುಸಲ್ಮಾನನಾದ ಉಜ್ಬೆಕ್ ಖಾನ್ ಮುಸಲ್ಮಾನನಾದ ಇಲ್‌ಖಾನ್ ಅಬೂ ಸಯೀದನ ನಾಡಿನ ಮೇಲೆ ದಂಡೆತ್ತಿ ಬಂದನು. ಉಜ್ಬೆಕ್‌ನ ಮಗ ಜಾನಿಬೆಕ್ 1357ರಲ್ಲಿ ತಬ್ರೀಜನ್ನೇ ಹಿಡಿದನು. ಆ ಹೊತ್ತಿಗೆ ಹುಲಗುವಿನ ವಂಶದ ಪ್ರಭುತ್ವ ಕುಸಿದುಹೋಗಿತ್ತು. ಸುಮಾರು ತೊಂಬತ್ತೈದು ವರ್ಷಗಳ ಈ ಹಠ ಖಲೀಫನ ಸೇಡಿನಿಂದ ವಿವರಿಸಲಾಗದಂಥದು.

ಇದರ ಅರ್ಥ ಬರ್ಕೆಯ ಶ್ರದ್ಧೆ ತೋರಿಕೆಯದೆಂದಲ್ಲ. ಅವನು ಮುಸಲ್ಮಾನನೆಂಬುದನ್ನು ಯುದ್ಧಕ್ಕೆ ಮೊದಲೇ ಬರೆದ ರುಬ್ರೂಕ್ ಮತ್ತು ಜೂಜ್ಜಾನಿ ಇಬ್ಬರೂ ಹೇಳುತ್ತಾರೆ. ಕಿತ್ತುಹೋದ ನಂಟಿಗೆ ಬದಲಾಗಿ ಹೊಸ ಮಿತ್ರರನ್ನು ಸಂಪಾದಿಸಲು, ಪಾಲಿನ ವ್ಯಾಜ್ಯವನ್ನು ಪರಭಾಷೆಯ ಜನರಿಗೆ ಅರ್ಥವಾಗುವಂತೆ ಮಂಡಿಸಲು ಆ ಶ್ರದ್ಧೆ ನೆರವಾಯಿತೆಂದು ಹೇಳಬಹುದು. ಮಂಗೋಲರ ಕತ್ತಿಗೆ ಮಂಗೋಲರೇ ಬಲಿಯಾದರು, ಒಗ್ಗಟ್ಟಿದ್ದರೆ ಜಗತ್ತನ್ನೇ ಗೆಲ್ಲಬಹುದಿತ್ತು ಎಂಬ ಅಳಲನ್ನು ಅರಬ್ಬೀ ಬರಹಗಾರರೂ ಬರ್ಕೆಯದೆಂದು ದಾಖಲಿಸಿದ್ದಾರೆ. ಅವನನ್ನು ಧರ್ಮವೀರನೆಂದು ಹೊಗಳುವ ಪರಂಪರೆಯಲ್ಲಿಯೇ ಈ ಮಾತು ಉಳಿದುಬಂದಿರುವುದು ಅದರ ತೂಕವನ್ನು ಹೆಚ್ಚಿಸುತ್ತದೆ.

ಆಧುನಿಕ ಸಂಶೋಧನೆಯಲ್ಲಿ ಪೀಟರ್ ಜಾಕ್ಸನ್ ಅವರ 1978ರ ಪ್ರಬಂಧ ಮಂಗೋಲ್ ಸಾಮ್ರಾಜ್ಯದ ವಿಘಟನೆಯನ್ನು ಚರ್ಚಿಸುತ್ತ ಇರಾನಿನ ಮೇಲೆ ಹುಲಗುವಿನ ವಂಶಕ್ಕಿದ್ದ ಹಕ್ಕನ್ನೇ ಪ್ರಶ್ನಿಸಿತು. ಹುಲಗು ಮಹಾಖಾನನ ಪರವಾಗಿ ಬಂದ ಸೇನಾನಿಯಾಗಿದ್ದು, ಮೊಂಗ್ಕೆಯ ಮರಣಾನಂತರದ ಗೊಂದಲದಲ್ಲಿ ಆ ನಾಡನ್ನು ಸ್ವಂತದ್ದಾಗಿ ಮಾಡಿಕೊಂಡನೆಂಬ ನೋಟ ಅಲ್ಲಿಂದ ಬಲಗೊಂಡಿತು. ಆದರೂ ಶಾಲೆಯ ನಕ್ಷೆಗಳು ನಾಲ್ಕು ಖಾನೇಟ್‌ಗಳನ್ನು ನಾಲ್ಕು ಬಣ್ಣಗಳಲ್ಲಿ, ಗೆರೆ ಕೊರೆದಂತೆ ತೋರಿಸುತ್ತಲೇ ಇವೆ. ‘ಉಲುಸ್’ ಎಂಬ ಮಂಗೋಲ್ ಶಬ್ದದ ಮೊದಲ ಅರ್ಥ ಜನ, ನೆಲವಲ್ಲ. ಒಬ್ಬ ರಾಜಕುಮಾರನ ಪಾಲಿನ ಜನ ಇನ್ನೊಬ್ಬನ ಸೀಮೆಯೊಳಗೂ ಇರುತ್ತಿದ್ದರು. ಹುಲಗುವಿನ ಸೈನ್ಯದಲ್ಲಿದ್ದ ಜೋಚಿ ವಂಶದವರ ದಂಡೇ ಇದಕ್ಕೆ ಸಾಕ್ಷಿ. ನಕ್ಷೆಯ ಗೆರೆಗಳು ಯುದ್ಧಕ್ಕೆ ಕಾರಣವಾಗಿರಲಿಲ್ಲ, ಅದರ ಫಲವಾಗಿ ಮೂಡಿದವು.

ಈ ಯುದ್ಧವನ್ನು ಬರ್ಕೆಯ ನಾಡಿನ ಪರಂಪರೆಯೊಳಗಿನಿಂದ ಹೇಳುವ ತುರ್ಕಿ ಭಾಷೆಯ ಕೃತಿ ಸಿಗುವುದು ಹದಿನಾರನೆಯ ಶತಮಾನದಲ್ಲಿ, ಖ್ವಾರಜ್ಮಿನ ಉತೆಮಿಶ್ ಹಾಜಿ ಬಾಯಿಮಾತಿನ ಕಥನಗಳನ್ನು ಸಂಗ್ರಹಿಸಿದಾಗ. ಘಟನೆಗೂ ಬರಹಕ್ಕೂ ನಡುವೆ ಸುಮಾರು ಮುನ್ನೂರು ವರ್ಷಗಳ ಅಂತರ. ಅಷ್ಟರಲ್ಲಿ ಪರ್ಷಿಯನ್ ಮತ್ತು ಅರಬ್ಬೀ ಬರಹಗಳು ಯುದ್ಧಕ್ಕೆ ತಮ್ಮ ಹೆಸರನ್ನಿಟ್ಟಾಗಿತ್ತು. ತನ್ನ ಭಾಷೆಯಲ್ಲಿ ದಾಖಲೆ ಉಳಿಸದ ಜನ ಕಣದಲ್ಲಿ ಗೆದ್ದರೂ ಕಾರಣವನ್ನು ಹೇಳುವ ಅಧಿಕಾರವನ್ನು ಕಳೆದುಕೊಳ್ಳುತ್ತಾರೆ. ಅಂತಹವರ ಮಾತನ್ನು ಪರರ ಪುಟಗಳಲ್ಲಿ, ಕತ್ತರಿಸಿಹೋಗದೆ ಉಳಿದ ಉಪವಾಕ್ಯಗಳಲ್ಲಿ ಹುಡುಕಬೇಕಾಗುತ್ತದೆ. ಹಿರಿಯ ಕಿರಿಯರನ್ನು ಕೇಳದೆ ಎಂಬ ರಶೀದುದ್ದೀನನ ಆ ಬಾಲ ಅಂಥದೊಂದು ಉಪವಾಕ್ಯ.