ಮನುಷ್ಯರ ಮೀಟರಿನಲ್ಲಿ ನಾಯಿಯ ಸಕ್ಕರೆ

ಸಾಕುಪ್ರಾಣಿಗಳ ಚಿಕಿತ್ಸಾಲಯದಲ್ಲಿ ಸಕ್ಕರೆ ನೋಡಲು ಥಟ್ಟನೆ ಕೈಗೆ ಸಿಗುವುದು ಮನುಷ್ಯರಿಗೆಂದು ಮಾಡಿದ ಗ್ಲುಕೋಮೀಟರ್. ಕಿವಿಯ ಅಂಚಿಗೆ ಸೂಜಿ ಚುಚ್ಚಿ, ತೊಟ್ಟು ರಕ್ತವನ್ನು ಸ್ಟ್ರಿಪ್ಪಿಗೆ ತಾಗಿಸಿದರೆ ಕೆಲವೇ ಸೆಕೆಂಡುಗಳಲ್ಲಿ ಅಂಕಿ ಮೂಡುತ್ತದೆ. ಆ ಅಂಕಿಯನ್ನು ಹಾಗೇ ನಂಬಿ ಔಷಧ ಬರೆಯುವುದನ್ನು ಮಾತ್ರ ನಾನು ಒಪ್ಪಲಾರೆ.

ಮನುಷ್ಯರ ರಕ್ತದಲ್ಲಿರುವ ಗ್ಲುಕೋಸಿನಲ್ಲಿ ಶೇ. 42ರಷ್ಟು ಕೆಂಪು ಕಣಗಳೊಳಗೆ ಇರುತ್ತದೆ. ನಾಯಿಯಲ್ಲಿ ಸುಮಾರು ಶೇ. 12, ಬೆಕ್ಕಿನಲ್ಲಿ ಶೇ. 7 ಮಾತ್ರ. ಹೀಗಾಗಿ ನಮ್ಮ ಲೆಕ್ಕಕ್ಕೆ ಹೊಂದಿಸಿದ ಮೀಟರು ಇವುಗಳ ಸಕ್ಕರೆಯನ್ನು ಸಾಮಾನ್ಯವಾಗಿ ಕಡಿಮೆ ತೋರಿಸುತ್ತದೆ. ತಪ್ಪು ಸದಾ ಒಂದೇ ಕಡೆಗೆ ವಾಲಿದರೆ ಅನುಭವಿ ವೈದ್ಯರು ಅದನ್ನು ಸರಿದೂಗಿಸಿಕೊಂಡಾರು. ಆದರೆ ರಕ್ತಹೀನತೆಯಲ್ಲಿ ಹಲವು ಮೀಟರುಗಳು ಉಲ್ಟಾ ಹೊಡೆದು ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ. ಉಣ್ಣೆ ಕಚ್ಚಿ ಟಿಕ್ ಫೀವರ್ ಬಂದು, ಒಸಡು ಬಿಳಿಚಿಕೊಂಡ ನಾಯಿಗಳು ಕರ್ನಾಟಕದ ವೈದ್ಯರಿಗೆ ಹೊಸದಲ್ಲ. ಅಂಥ ನಾಯಿಯ ಸಕ್ಕರೆ 50ಕ್ಕೆ ಕುಸಿದಿದ್ದರೂ ಪರದೆ 75 ಎಂದೀತು. ಡ್ರಿಪ್ಪಿಗೆ ಡೆಕ್ಸ್‌ಟ್ರೋಸ್ ಸೇರಿಸಬೇಕಾದ ಹೊತ್ತಿನಲ್ಲಿ ವೈದ್ಯರು ನಿಶ್ಚಿಂತರಾಗಿಬಿಡುತ್ತಾರೆ. ರೋಗಿ ಬಸವಳಿದಷ್ಟೂ ಮೀಟರು ದಾರಿ ತಪ್ಪಿಸುತ್ತದೆ ಎಂಬುದೇ ನನ್ನ ಮುಖ್ಯ ತಕರಾರು. ನಾಯಿ, ಬೆಕ್ಕುಗಳಿಗೆಂದೇ ಬಂದ ಆಲ್ಫಾಟ್ರ್ಯಾಕ್ ಮೊದಲ ದೋಷವನ್ನು ಬಹುಮಟ್ಟಿಗೆ ತಿದ್ದಿದೆ, ಎರಡನೆಯದನ್ನು ಪೂರ್ತಿ ತಿದ್ದಿಲ್ಲ.

ಹಾಗಾದರೆ ಲ್ಯಾಬೇ ಸರಿಯೇ? ಹೆಕ್ಸೊಕೈನೇಸ್ ವಿಧಾನದ ನಿಖರತೆಗೆ ಎದುರಿಲ್ಲ. ಆದರೆ ಟ್ಯೂಬಿನಲ್ಲಿ ಕಣಗಳ ಜೊತೆಗೇ ಬಿಟ್ಟ ರಕ್ತದಲ್ಲಿ ಗ್ಲುಕೋಸ್ ಗಂಟೆಗೆ ಶೇ. 5ರಿಂದ 7ರಷ್ಟು ಕರಗುತ್ತದೆ. ಬೇಗ ಪ್ಲಾಸ್ಮಾ ಬೇರ್ಪಡಿಸದಿದ್ದರೆ ಲ್ಯಾಬಿನ ಉತ್ತರಕ್ಕೂ ಬೆಲೆಯಿಲ್ಲ.

ಬೆಕ್ಕಿನದು ಬೇರೆಯೇ ಪಾಡು. ಬುಟ್ಟಿಯಲ್ಲಿ ತುಂಬಿ, ಆಟೋದಲ್ಲಿ ಕುಲುಕಿಸಿ ತಂದ ಬೆಕ್ಕಿಗೆ ಗಾಬರಿಯೊಂದರಿಂದಲೇ ಸಕ್ಕರೆ 300 ದಾಟಬಹುದು. ಅಳತೆ ಸರಿ, ತೀರ್ಮಾನ ತಪ್ಪು. ಹಿಂದಿನ ಎರಡು–ಮೂರು ವಾರಗಳ ಸರಾಸರಿ ಹೇಳುವ ಫ್ರಕ್ಟೋಸಮೀನ್ ಪರೀಕ್ಷೆ ಇಲ್ಲಿ ನೆರವಿಗೆ ಬರುತ್ತದೆ. ಇನ್ಸುಲಿನ್ ಪ್ರಮಾಣ ನಿರ್ಧರಿಸಲು ಮಾತ್ರ ನನ್ನ ಮೊದಲ ಆಯ್ಕೆ ಲಿಬ್ರೆಯಂಥ ಸೆನ್ಸರ್. ಕೂದಲು ಬೋಳಿಸಿ ಚರ್ಮಕ್ಕೆ ಅಂಟಿಸಿದರೆ, ಮನೆಯಲ್ಲಿ ಉಂಡು ಮಲಗಿದ ಪ್ರಾಣಿಯ ಏರಿಳಿತವನ್ನು ಅದು 14 ದಿನಗಳವರೆಗೆ ದಾಖಲಿಸುತ್ತದೆ. ಎಷ್ಟೋ ಸಲ ಅದಕ್ಕೂ ಮೊದಲೇ ಕಿತ್ತುಬರುತ್ತದೆ, ನಿಜ. ಚರ್ಮದಡಿಯ ದ್ರವವನ್ನು ಅಳೆಯುವುದರಿಂದ ರಕ್ತದ ಬದಲಾವಣೆಗಿಂತ ತುಸು ಹಿಂದೆ ಉಳಿಯುತ್ತದೆ. ಸಕ್ಕರೆ ತೀರಾ ಇಳಿದಾಗ ಅಷ್ಟು ನಿಖರವೂ ಅಲ್ಲ. ಸೆನ್ಸರ್ 60ಕ್ಕಿಂತ ಕಡಿಮೆ ತೋರಿಸಿಯೂ ಪ್ರಾಣಿ ಲವಲವಿಕೆಯಿಂದಿದ್ದರೆ ಕಿವಿಯ ರಕ್ತದಿಂದ ಖಚಿತಪಡಿಸಿಕೊಳ್ಳಬೇಕು. ತೂರಾಡುತ್ತಿದ್ದರೆ ಯಾವ ಯಂತ್ರಕ್ಕೂ ಕಾಯದೆ ಒಸಡಿಗೆ ಜೇನುತುಪ್ಪ ಸವರಿ ವೈದ್ಯರಲ್ಲಿಗೆ ಕರೆದೊಯ್ಯಬೇಕು.