‘ಬೀಡು’ ಶಬ್ದದ ಅರ್ಥವಿಚಾರ: ಹಳೇಬೀಡು ಮತ್ತು ನೆರೆಯ ಸ್ಥಳನಾಮಗಳು

ಹಳೇಬೀಡು ಎಂಬ ಹೆಸರಿಗೆ ‘ಹಾಳಾದ ಊರು’ ಎಂದು ಅರ್ಥ ಹೇಳುವ ರೂಢಿ ಪ್ರವಾಸದ ಕೈಪಿಡಿಗಳಲ್ಲಿಯೂ, ಹಲವು ವೇಳೆ ತರಗತಿಯ ಪಾಠಗಳಲ್ಲಿಯೂ ಬೇರೂರಿದೆ. ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ಇಂತಹ ವಿವರಣೆಯನ್ನು ಪರೀಕ್ಷಿಸದೆ ಒಪ್ಪುವುದು ಉಚಿತವಲ್ಲ.

ಮೊದಲನೆಯದಾಗಿ, ‘ಹಳೆ’ ಮತ್ತು ‘ಹಾಳು’ ಬೇರೆ ಬೇರೆ ಶಬ್ದಗಳು. ಹಳಗನ್ನಡದಲ್ಲಿ ಮೊದಲನೆಯದು ‘ಪೞೆ’, ಎರಡನೆಯದು ‘ಪಾೞ್’. ಪಕಾರವು ಹಕಾರವಾದರೂ ಸ್ವರದ ಹ್ರಸ್ವದೀರ್ಘ ಭೇದವು ಉಳಿದೇ ಬಂದಿದೆ. ಆದುದರಿಂದ ಒಂದರ ಅರ್ಥವನ್ನು ಇನ್ನೊಂದಕ್ಕೆ ಹೊರಿಸಲಾಗದು.

ಎರಡನೆಯದಾಗಿ, ‘ಬೀಡು’ ಎಂಬುದು ‘ಬಿಡು’ ಧಾತುವಿನಿಂದ ಬಂದ ನಾಮಪದ. ಸೈನ್ಯವು ಪ್ರಯಾಣ ನಿಲ್ಲಿಸಿ ಬಿಡಾರ ಹೂಡಿದ ಸ್ಥಳವು ಬೀಡು. ಉಳದೆ ಬಿಟ್ಟ ನೆಲವೂ ಬೀಡು. ‘ಹಾಳು’ ಎಂಬ ವಿವರಣೆಗೆ ಆಧಾರವೇನಾದರೂ ಇದ್ದರೆ ಅದು ಈ ಎರಡನೆಯ ಅರ್ಥ ಮಾತ್ರ. ಆದರೆ ಇಲ್ಲಿ ಯಾವ ಅರ್ಥ ಸಲ್ಲುವುದೆಂಬುದನ್ನು ಶಾಸನಗಳೇ ನಿರ್ಣಯಿಸುತ್ತವೆ. ರೈಸ್ ಅವರು 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಐದನೆಯ ಸಂಪುಟವು ಹಾಸನ ಜಿಲ್ಲೆಯ ಶಾಸನಗಳದು. ಹೊಯ್ಸಳ ಶಾಸನಗಳಲ್ಲಿ ದೋರಸಮುದ್ರವು ಅರಸನ ‘ನೆಲೆವೀಡು’. ತಾತ್ಕಾಲಿಕವಾದ ಬಿಡಾರವು ಕೋಟೆ, ಅರಮನೆಗಳಿಂದ ಕೂಡಿ ಸ್ಥಿರವಾದಾಗ ‘ನೆಲೆ’ ಎಂಬ ವಿಶೇಷಣ ಅದಕ್ಕೆ ಸೇರಿತು. ತಮಿಳುನಾಡಿನ ಪಡವೀಡು ಎಂಬ ಊರಿನ ಹೆಸರಿನಲ್ಲಿಯೂ ಇದೇ ಶಬ್ದವಿದೆ. ರೋಮನರ ಪಾಳೆಯವನ್ನು ಸೂಚಿಸುವ ಲ್ಯಾಟಿನ್ ‘ಕಾಸ್ಟ್ರ’ ಶಬ್ದವು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಮೊದಲಾದ ಹೆಸರುಗಳಲ್ಲಿ ಉಳಿದುದೂ ಇಂತಹುದೇ.

ಗಮನಾರ್ಹವಾದ ಅಂಶವೊಂದಿದೆ. ವೈಭವದ ಕಾಲದಲ್ಲಿ ರಾಜಧಾನಿಯ ಅಂಕಿತನಾಮವು ಕೆರೆಯದು, ದೋರಸಮುದ್ರ. ಬೀಡು ಆಗ ಬರಿಯ ರೂಢನಾಮ. ರಾಜಧಾನಿಯ ಪದವಿ ಹೋದ ಮೇಲೆ ರೂಢನಾಮವೇ ಅಂಕಿತನಾಮವಾಯಿತು. 1311ರಲ್ಲಿ ಮಲಿಕ್ ಕಾಫರನ ದಂಡು ಬಂದಿತು. ಮುಂದೆ ತೊಘಲಕರ ದಂಡು ಬಂದಿತು. ಮೂರನೆಯ ಬಲ್ಲಾಳನು ತಿರುವಣ್ಣಾಮಲೆಯಲ್ಲಿ ನೆಲೆಸಿದನು. ಅರಸನ ಬೀಡು ಬೇರೆಡೆಗೆ ಹೋದುದರಿಂದಲೇ ಇದು ‘ಹಳೆಯ’ ಬೀಡು. ಹೀಗೆ ಕರೆಯಬೇಕಾದರೆ ಕರೆಯುವ ಜನರು ಅಲ್ಲಿಯೂ ಸುತ್ತಲೂ ಇರಲೇಬೇಕು. ‘ಹಾಳಾದ ಊರು’ ಎಂಬ ಅರ್ಥವು ಶತಮಾನಗಳ ಚರಿತ್ರೆಯನ್ನು ಒಂದು ದಾಳಿಗೆ ಕುಗ್ಗಿಸಿ, ಉಳಿದು ಬಾಳಿದ ಜನರನ್ನೇ ಮರೆಸುತ್ತದೆ.

ಇದೇ ಜಿಲ್ಲೆಯ ಹೊಳೆನರಸೀಪುರ ತಾಲ್ಲೂಕಿನಲ್ಲಿ ಹಳೇಕೋಟೆಯೂ ಆಲೂರು ತಾಲ್ಲೂಕಿನಲ್ಲಿ ಕೆಂಚಮ್ಮನ ಹೊಸಕೋಟೆ, ಪಾಳ್ಯಗಳೂ ಇವೆ. ‘ಹಳೆ’, ‘ಹೊಸ’ ಎಂಬ ವಿಶೇಷಣಗಳು ನಾಶವನ್ನಲ್ಲ, ನೆಲೆಗಳ ಕಾಲಾನುಕ್ರಮವನ್ನು ಹೇಳುತ್ತವೆ ಎಂಬುದಕ್ಕೆ ಇವೂ ಸಾಕ್ಷಿ.

ಆದರೆ ಹೆಸರುಗಳಲ್ಲೆಲ್ಲ ಕೋಟೆಯನ್ನು ಕಾಣುವ ಉತ್ಸಾಹವೂ ಅಷ್ಟೇ ಅಪಾಯಕರ. ಬೇಲೂರಿನ ಸಂಸ್ಕೃತರೂಪವಾದ ವೇಲಾಪುರದಲ್ಲಿ ‘ಪುರ’ ಶಬ್ದವಿದೆ. ವೇದಕಾಲದ ‘ಪುರ್’ ಎಂಬುದಕ್ಕೆ ಪ್ರಾಕಾರವುಳ್ಳ ನೆಲೆಯೆಂಬ ಅರ್ಥವಿದ್ದುದು ನಿಜ. ಹೊಯ್ಸಳರ ಕಾಲಕ್ಕೆ ‘ಪುರ’ವು ಯಾವ ಊರಿಗಾದರೂ ಸಲ್ಲುವ ಸಾಮಾನ್ಯಪದವಾಗಿತ್ತು. ಅರಸೀಕೆರೆಯಂತೂ ಅರಸಿಯ ಕೆರೆ. ರಾಣಿಯ ನೆನಪನ್ನೂ ನೀರಿನ ಆಸರೆಯನ್ನೂ ಉಳಿಸಿದ ಆ ಹೆಸರಿನಲ್ಲಿ ಕೋಟೆಯ ಸುಳಿವಿಲ್ಲ. ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು ಇಂದು ಅಂಗಡಿ ಎಂದು ಹೆಸರಾಗಿದೆ. ಅಲ್ಲಿ ಅರಸುತನದ ಗುರುತೇ ಹೆಸರಿನಿಂದ ಅಳಿದಿದೆ. ಹೆಸರಿನಲ್ಲಿ ಕಾಣದುದು ನೆಲದಲ್ಲಿ ಇರಲಿಲ್ಲವೆಂದು ಸಾಧಿಸುವುದೂ ತರವಲ್ಲ.

ಆದುದರಿಂದ ಸ್ಥಳನಾಮವನ್ನು ಚರಿತ್ರೆಯ ಆಧಾರವಾಗಿ ಬಳಸುವ ಅಭ್ಯಾಸಿಗಳು ಮೂರು ಪರೀಕ್ಷೆಗಳನ್ನು ನಡೆಸಬೇಕು: ಶಾಸನಗಳಲ್ಲಿಯ ಪ್ರಾಚೀನ ರೂಪ, ಆ ಕಾಲದಲ್ಲಿ ಶಬ್ದಕ್ಕಿದ್ದ ಅರ್ಥ, ನೆಲದ ಮೇಲಣ ಅವಶೇಷ. ಹಳೇಬೀಡಿನಲ್ಲಿ ಕೋಟೆಗೋಡೆಯ ಭಾಗಗಳು ಇಂದಿಗೂ ಉಳಿದಿರುವುದರಿಂದ ಮೂರೂ ಒಮ್ಮುಖವಾಗುತ್ತವೆ. ಹಾಗಾಗದ ಕಡೆ ಹೆಸರು ಒಂದು ಸೂಚನೆ ಮಾತ್ರ, ಅದನ್ನು ಪ್ರಮಾಣವೆನ್ನಲಾಗದು.