ಓದದೆ ಬಿಚ್ಚಿದ ಗೇರ್‌ಬಾಕ್ಸ್

ಹಳೆಯ ಬುಲೆಟ್ ಕೊಂಡವರಿಗೆ ಬಿಟ್ಟಿ ಸಲಹೆ ಕೊಡುವವರು ಮೊದಲು ಹೇಳುವ ಮಾತು ಒಂದೇ: ‘ಎಂಜಿನ್ ಇಟ್ಕೊಳ್ಳಿ, ಗೇರ್‌ಬಾಕ್ಸ್ ಎಸೀರಿ.’ ಎರಡನೆಯ ಮಾತೂ ಅದೇ ಬಾಯಿಂದಲೇ ಬರುತ್ತದೆ: ‘ಆದ್ರೆ ಆ ನ್ಯೂಟ್ರಲ್ ಫೈಂಡರ್ ಇದೆ ನೋಡಿ, ಅಂಥದ್ದು ಈಗಿನ ಗಾಡೀಲಿ ಎಲ್ಲಿದೆ?’ ಮೊದಲನೆಯದು ಅನ್ಯಾಯದ ನಿಂದೆ, ಎರಡನೆಯದು ಪುಕ್ಕಟೆ ಹೊಗಳಿಕೆ. ಆ ಪೆಟ್ಟಿಗೆಯನ್ನು ಓದದೆ ಬಿಚ್ಚುವ ಅಭ್ಯಾಸದಿಂದಲೇ ಎರಡೂ ಹುಟ್ಟಿವೆ ಎಂಬುದು ನನ್ನ ತಕರಾರು.

ಹೇಳುತ್ತಿರುವುದು ನಾಲ್ಕು ಗೇರಿನ ಆಲ್ಬಿಯನ್ ಪೆಟ್ಟಿಗೆಯ ಬಗ್ಗೆ. ಬರ್ಮಿಂಗ್‌ಹ್ಯಾಮ್, ರೆಡಿಚ್, 1955ರ ಮದ್ರಾಸು, ತಿರುವೊಟ್ಟಿಯೂರು ಎಂಬ ವಂಶಾವಳಿ ಈ ಗಾಡಿ ಓಡಿಸುವವರಿಗೆಲ್ಲ ಬಾಯಿಪಾಠ, ಇಲ್ಲಿ ಮತ್ತೆ ಒಪ್ಪಿಸಬೇಕಿಲ್ಲ. ನೆನಪಿಡಬೇಕಾದದ್ದು ಇಷ್ಟು: ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಪೆಡಲನ್ನು ಮೇಲಕ್ಕೆತ್ತಿದರೆ ಒಂದು. ಕೆಳಕ್ಕೊತ್ತುತ್ತ ಹೋದರೆ ಎರಡು, ಮೂರು, ನಾಲ್ಕು.

ನನ್ನದು 1978ರ ಮುನ್ನೂರೈವತ್ತು. ಒಮ್ಮೆ ಶಿರಾಡಿ ಘಾಟಿ ಇಳಿಯುವಾಗ ಮೂರರಿಂದ ಎರಡಕ್ಕೆ ತರಲು ಪೆಡಲ್ ಎತ್ತಿದೆ. ಗೇರ್ ಬೀಳಲಿಲ್ಲ. ಎಂಜಿನ್ ತನ್ನ ಪಾಡಿಗೆ ಅರಚಿತು, ಗಾಡಿ ತನ್ನ ಪಾಡಿಗೆ ಜಾರಿತು. ಮುಂದೆ ಲಾರಿ, ಹಿಂದೆ ಬಸ್ಸು, ನಡುವೆ ನನ್ನ ಡ್ರಮ್ ಬ್ರೇಕು. ಫಾಲ್ಸ್ ನ್ಯೂಟ್ರಲ್ ಎಂದು ಬುಲೆಟ್ ಬಳಗ ಕರೆಯುವುದು ಇದನ್ನೇ. ಹಾಸನಕ್ಕೆ ಮರಳಿ ಹೆಸರುವಾಸಿ ಮೇಸ್ತ್ರಿಯೊಬ್ಬರಿಗೆ ಗಾಡಿ ಒಪ್ಪಿಸಿದೆ. ಅವರು ಪೆಟ್ಟಿಗೆ ಬಿಚ್ಚಿ, ಎರಡು ಗೇರು ಬದಲಿಸಿ, ಹಳೆಯವನ್ನು ಪೇಪರಿನಲ್ಲಿ ಸುತ್ತಿ ಕೈಗಿತ್ತು, ‘ಎಲ್ಲಾ ಸವೆದೋಗಿತ್ತು ಸಾರ್’ ಅಂದರು. ಮುಂದಿನ ತಿಂಗಳು ಅದೇ ಘಾಟಿ, ಅದೇ ಅರಚಾಟ. ಮತ್ತೆ ಬಿಚ್ಚಿದರು, ಈ ಸಲ ಪೆಟ್ಟಿಗೆಯೊಳಗೆ ಗೇರುಗಳನ್ನು ಸರಿಸುವ ಫೋರ್ಕ್ ಬದಲಾಯಿತು. ಮೂರನೆಯ ಸಲ ನಾನು ಹೋಗಲಿಲ್ಲ. ಸವೆದುಹೋಗಿದೆ ಎಂದ ಗೇರುಗಳಲ್ಲೊಂದು ಈಗ ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಕಾಯುತ್ತಿದೆ.

‘ಗೇರ್ ನಿಲ್ತಿಲ್ಲ’ ಎಂಬುದು ಗ್ಯಾರೇಜಿನಲ್ಲಿ ನಾವು ಕೊಡುವ ದೂರು. ಈ ಎರಡು ಪದದ ಹಿಂದೆ ಮೂರು ಬೇರೆಬೇರೆ ಕಾಯಿಲೆಗಳಿವೆ. ಬಿದ್ದ ಗೇರು ಸ್ವಲ್ಪ ದೂರ ಹೋದ ಮೇಲೆ, ಆಕ್ಸಿಲರೇಟರ್ ಕೊಟ್ಟಾಗಲೋ ಬಿಟ್ಟಾಗಲೋ, ಹಾರಿಬಂದರೆ ಅದೊಂದು. ಗೇರುಗಳು ಒಂದಕ್ಕೊಂದು ಕಚ್ಚಿಕೊಳ್ಳುವ ಮೊಂಡು ಹಲ್ಲುಗಳ, ಅಂದರೆ ಡಾಗ್‌ಗಳ, ಮೂಲೆ ಸವೆದು ದುಂಡಾಗಿರಬೇಕು, ಫೋರ್ಕ್ ತೆಳುವಾಗಿರಬೇಕು, ಇಲ್ಲವೆ ಗೇರನ್ನು ಅದರ ಜಾಗದಲ್ಲಿ ಒತ್ತಿಹಿಡಿಯುವ ಸ್ಪ್ರಿಂಗ್ ಸೋತಿರಬೇಕು. ಇದಕ್ಕೆ ಬಿಚ್ಚಲೇಬೇಕು. ಸಿಗ್ನಲ್ಲಿನಲ್ಲಿ ನಿಂತಾಗ ನ್ಯೂಟ್ರಲ್ ಸಿಗದೆ ಕಾಲು ಒದ್ದಾಡಿದರೆ ಅದು ಇನ್ನೊಂದು. ಅಲ್ಲಿ ಕ್ಲಚ್ ಪೂರ್ತಿ ಬಿಡುತ್ತಿಲ್ಲ, ಗೇರ್‌ಬಾಕ್ಸಿನ ತಪ್ಪೇನೂ ಇಲ್ಲ. ಮೂರನೆಯದು ನನ್ನದು. ಬದಲಿಸುವ ಆ ಕ್ಷಣದಲ್ಲೇ ಗೇರು ಬೀಳದೆ ನಡುವೆ ಉಳಿಯುವುದು. ಮೂರಕ್ಕೂ ಒಂದೇ ಹೆಸರಿಟ್ಟ ಮೇಲೆ ಮೂರಕ್ಕೂ ಒಂದೇ ಮದ್ದು ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಈ ಮೂರನೆಯದರ ಮೇಲೆ ನಾನು ತುಸು ಹೆಚ್ಚು ಹೊತ್ತು ಕೂರಬೇಕು, ಓದುಗರು ಸಹಿಸಿಕೊಳ್ಳಲಿ. ಪೆಡಲಿಗೂ ಗೇರಿಗೂ ನೇರ ಸಂಬಂಧವಿಲ್ಲ. ನಡುವೆ ಒಂದು ರ‍್ಯಾಚೆಟ್ ಇದೆ. ಪೆಡಲ್ ಎತ್ತಿದರೂ ಒತ್ತಿದರೂ ಅದರ ಕೊಕ್ಕೆ ಹಲ್ಲೊಂದನ್ನು ಕಚ್ಚಿ, ಒಳಗಿನ ತೋಳನ್ನು ಒಂದು ಮೆಟ್ಟಿಲು ಸರಿಸಿ, ಸ್ಪ್ರಿಂಗಿನ ಬಲದಿಂದ ಮತ್ತೆ ನಡುವಿಗೆ ಬಂದು ನಿಲ್ಲುತ್ತದೆ. ಒಳಗಿನ ತೋಳಿನಲ್ಲಿ ಪ್ರತಿ ಗೇರಿಗೂ ಒಂದೊಂದು ಕಚ್ಚು. ಸ್ಪ್ರಿಂಗ್ ಒತ್ತುವ ಮೊಳೆಯೊಂದು ಆ ಕಚ್ಚಿಗೆ ಬಿದ್ದರೆ ಗೇರು ಕೂತಂತೆ. ಎರಡು ಕಚ್ಚುಗಳ ನಡುವಿನ ದಿಬ್ಬದ ಮೇಲೆ ಮೊಳೆ ನಿಂತಿತೋ, ಫೋರ್ಕುಗಳು ಯಾವ ಗೇರಿನ ಡಾಗನ್ನೂ ಮುಟ್ಟದೆ ಅಂತರಾಳದಲ್ಲಿ ಉಳಿಯುತ್ತವೆ. ಫಾಲ್ಸ್ ನ್ಯೂಟ್ರಲ್ ಎಂಬ ಭೂತದ ವಾಸ ಆ ದಿಬ್ಬದ ಮೇಲೆ.

ಹಾಗಾದರೆ ಮೊಳೆಯನ್ನು ದಿಬ್ಬ ದಾಟಿಸದೆ ಅರ್ಧಕ್ಕೆ ಬಿಟ್ಟವರು ಯಾರು? ರ‍್ಯಾಚೆಟ್ಟಿನ ಜೊತೆಗೆ ಒಂದು ಸಣ್ಣ ಪ್ಲೇಟಿದೆ. ಎರಡು ನಟ್ಟುಗಳು ಅದನ್ನು ಹಿಡಿದಿವೆ, ತೂತುಗಳು ಉದ್ದುದ್ದ. ನಟ್ಟು ಸಡಿಲಿಸಿದರೆ ಪ್ಲೇಟು ಆಚೀಚೆ ಸರಿಯುತ್ತದೆ. ಕೊಕ್ಕೆ ಹಲ್ಲನ್ನು ಕಚ್ಚುವ ಮೊದಲು ಪೆಡಲ್ ಎಷ್ಟು ಖಾಲಿ ಚಲಿಸಬೇಕು ಎಂಬುದನ್ನು ತೀರ್ಮಾನಿಸುವುದು ಈ ಪ್ಲೇಟೇ. ಅದು ಸರಿಯಾಗಿ ಕೂತಿದ್ದರೆ ಮೇಲಕ್ಕೂ ಕೆಳಕ್ಕೂ ಖಾಲಿ ಚಲನೆ ಸಮ. ಒಂದು ಕಡೆಗೆ ವಾಲಿದರೆ ಆ ಕಡೆಗೆ ಕೊಕ್ಕೆ ಬೇಗ ಕಚ್ಚಿ ತೋಳನ್ನು ಹೆಚ್ಚು ತಳ್ಳುತ್ತದೆ. ಇನ್ನೊಂದು ಕಡೆಗೆ ತಡವಾಗಿ ಕಚ್ಚಿ ಅರ್ಧಕ್ಕೇ ಕೈಬಿಡುತ್ತದೆ.

‘ಇನ್ನೊಂದು ಕಡೆಗೆ’ ಎಂಬ ಈ ಮಾತಿನಲ್ಲೇ ಇಡೀ ರೋಗನಿದಾನ ಇದೆ. ಪ್ಲೇಟು ವಾಲಿದ ಗಾಡಿ ಒಂದೇ ದಿಕ್ಕಿನಲ್ಲಿ ತಪ್ಪುತ್ತದೆ. ಎರಡರಿಂದ ಮೂರಕ್ಕೆ, ಮೂರರಿಂದ ನಾಲ್ಕಕ್ಕೆ ಬೆಣ್ಣೆಯ ಹಾಗೆ ಬಿದ್ದದ್ದು, ಇಳಿಸುವಾಗ ಮಾತ್ರ ನಡುವೆ ಉಳಿಯುತ್ತದೆ. ಇದರ ಉಲ್ಟಾ ಕೂಡ ಆಗಬಹುದು. ಸವೆತಕ್ಕೆ ಇಂಥ ಪಕ್ಷಪಾತವಿಲ್ಲ. ಮೂಲೆ ಹೋದ ಡಾಗು ನೀವು ಯಾವ ದಿಕ್ಕಿನಿಂದ ಆ ಗೇರಿಗೆ ಬಂದಿರೆಂದು ಕೇಳುವುದಿಲ್ಲ. ಆದ್ದರಿಂದ ಪಾನಾ ಕೈಗೆತ್ತಿಕೊಳ್ಳುವ ಮುನ್ನ ಕೇಳಲೇಬೇಕಾಗಿದ್ದ ಪ್ರಶ್ನೆ: ‘ಹತ್ತಿಸುವಾಗ ಬಿಡ್ತದಾ, ಇಳಿಸುವಾಗ ಬಿಡ್ತದಾ?’ ನನ್ನ ಗಾಡಿಯನ್ನು ಎರಡು ಸಲ ಬಿಚ್ಚಿದವರು ಒಂದು ಸಲವೂ ಇದನ್ನು ಕೇಳಲಿಲ್ಲ. ನಾನಾಗಿ ಹೇಳಲೂ ಇಲ್ಲ, ಯಾಕೆಂದರೆ ಅದು ಹೇಳಬೇಕಾದ ವಿಷಯವೆಂದು ನನಗೂ ಗೊತ್ತಿರಲಿಲ್ಲ.

ಹೊಂದಾಣಿಕೆಯ ಕೆಲಸ ವಿವರಿಸಲು ನಾಚಿಕೆಯಾಗುವಷ್ಟು ಚಿಕ್ಕದು. ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಎರಡನೆಯ ಇಲ್ಲವೇ ಮೂರನೆಯ ಗೇರಿನಲ್ಲಿಟ್ಟು, ಎಂಜಿನ್ ಆರಿಸಿ, ಪೆಡಲನ್ನು ಕಾಲಿನಿಂದಲ್ಲ, ಎರಡು ಬೆರಳಿನಿಂದ ಮೇಲಕ್ಕೂ ಕೆಳಕ್ಕೂ ಮೆಲ್ಲಗೆ ಆಡಿಸಬೇಕು. ಕೊಕ್ಕೆ ಹಲ್ಲಿಗೆ ತಾಗುವುದು ಬೆರಳಿಗೆ ತಿಳಿಯುತ್ತದೆ. ಎರಡು ಕಡೆಯ ದೂರ ಸಮವಾಗುವ ತನಕ ಪ್ಲೇಟು ಸರಿಸಿ ನಟ್ಟು ಬಿಗಿಯಬೇಕು. ಬಿಗಿಯುವಾಗ ಪ್ಲೇಟು ಕೂದಲೆಳೆಯಷ್ಟು ಜರುಗಿಬಿಡುತ್ತದೆ, ಹಾಗಾಗಿ ಮತ್ತೆ ಬೆರಳು, ಮತ್ತೆ ಪಾನಾ. ನನಗೆ ನಾಲ್ಕು ಸಲ ಬೇಕಾಯಿತು. ಬಿಡಿಭಾಗದ ಖರ್ಚು ಸೊನ್ನೆ. ಆಮೇಲೆ ಶಿರಾಡಿಯನ್ನು ಎಷ್ಟು ಸಲ ಇಳಿದೆನೋ ಲೆಕ್ಕ ಇಟ್ಟಿಲ್ಲ. ಎರಡನೇ ಗೇರು ಕರೆದಾಗಲೆಲ್ಲ ಬಂದಿದೆ.

ಇಷ್ಟು ಸರಳವಾದದ್ದು ಯಾಕೆ ಮೂಲೆಗುಂಪಾಯಿತು? ಮೇಸ್ತ್ರಿಗಳನ್ನಷ್ಟೇ ಬೈದು ಕೈತೊಳೆದುಕೊಳ್ಳುವುದು ಸುಲಭ. ಎರಡು ನಟ್ಟು ಸಡಿಲಿಸಿ ಬಿಗಿದದ್ದಕ್ಕೆ ನಾವು ಎಷ್ಟು ಕೊಡುತ್ತೇವೆ? ಚಹಾದ ದುಡ್ಡು ಕೊಟ್ಟು, ‘ಏನೂ ಮಾಡ್ಲೇ ಇಲ್ಲ’ ಎಂದು ಊರೆಲ್ಲ ಹೇಳಿಕೊಂಡು ಬರುತ್ತೇವೆ. ಪೇಪರಿನಲ್ಲಿ ಸುತ್ತಿದ ಹಳೆಯ ಗೇರು ನಮಗೆ ರಸೀದಿ ಇದ್ದಂತೆ, ಅದು ಕೈಗೆ ಬಂದರೇ ಕೆಲಸ ಆಯಿತೆಂದು ನಂಬಿಕೆ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದ ಹೊಸ ಗೇರಿಗಿಂತ, ತೆಗೆದೆಸೆದ ಕಾರ್ಖಾನೆಯ ಗೇರಿನ ಉಕ್ಕೇ ಎಷ್ಟೋ ಸಲ ಗಟ್ಟಿ ಎಂಬುದು ಗೊತ್ತಿದ್ದೂ ನಾವು ಬದಲಿಸಿಕೊಳ್ಳುತ್ತೇವೆ.

ಇನ್ನು ನ್ಯೂಟ್ರಲ್ ಫೈಂಡರ್. ಹಿಮ್ಮಡಿಯಿಂದ ಒತ್ತುವ ಈ ಪುಟ್ಟ ಪೆಡಲನ್ನು ಹಳೇ ಗಾಡಿಗಳ ಮೇಳದಲ್ಲಿ ಯಜಮಾನರು ಮಕ್ಕಳಿಗೆ ತೋರಿಸುವ ವೈಖರಿ ನೋಡಬೇಕು, ದೇವರ ಆಭರಣ ತೋರಿಸುವ ಅರ್ಚಕರ ಹಾಗೆ. ಕ್ಲಚ್ ಹಿಡಿದು ಒತ್ತಿದರೆ ನಾಲ್ಕರಿಂದಲೋ ಮೂರರಿಂದಲೋ ಎರಡರಿಂದಲೋ ಒಂದೇ ಏಟಿಗೆ ನ್ಯೂಟ್ರಲ್. ನಿಜ. ಆದರೆ ಒಂದನೇ ಗೇರಿನಿಂದ ಬರುವುದಿಲ್ಲ. ಗೇರುಗಳು ಒಂದೇ ಸಾಲಿನಲ್ಲಿದ್ದು ನ್ಯೂಟ್ರಲ್ ಒಂದು ಮತ್ತು ಎರಡರ ನಡುವೆ ಇರುವುದರಿಂದ, ಫೈಂಡರ್ ಒಂದು ಕಡೆಯಿಂದ ಮಾತ್ರ ಎಳೆದುಕೊಂಡು ಬರಬಲ್ಲದು. ಒಂದನೇ ಗೇರು ಆಚೆ ದಡದಲ್ಲಿದೆ. ಕಾರ್ಪೊರೇಷನ್ ಸರ್ಕಲ್ಲಿನ ಜಂಗುಳಿಯಲ್ಲಿ ಅಂಗುಲ ಅಂಗುಲ ತೆವಳುವವನು ಇರುವುದು ಯಾವ ಗೇರಿನಲ್ಲಿ? ಒಂದರಲ್ಲಿ. ಅಂದರೆ ನ್ಯೂಟ್ರಲ್ ಅತಿ ಹೆಚ್ಚು ಬೇಕಾದಾಗ ಈ ಆಭರಣ ಕೈಕೊಡುತ್ತದೆ.

ಅದಕ್ಕಿಂತ ದೊಡ್ಡ ಆಕ್ಷೇಪ ಬೇರೆ. ನ್ಯೂಟ್ರಲ್ ‘ಹುಡುಕುವ’ ಅಗತ್ಯ ಯಾಕೆ ಬಂತು? ಕ್ಲಚ್ ಶುದ್ಧವಾಗಿ ಬಿಡುವ ಗಾಡಿಯಲ್ಲಿ ನ್ಯೂಟ್ರಲ್ ಕಾಲ್ಬೆರಳಿಗೇ ಸಿಗುತ್ತದೆ. ಬಿಡದ ಕ್ಲಚ್ಚನ್ನು ಸರಿಪಡಿಸಲು ಪೆಟ್ಟಿಗೆಯ ಹೊರಮುಚ್ಚಳದ ಸಣ್ಣ ತಟ್ಟೆ ತೆಗೆದರೆ ಸಾಕು, ಕ್ಲಚ್ ಕಡ್ಡಿಯನ್ನು ತಳ್ಳುವ ಸ್ಕ್ರೂ, ಅದರ ಚೆಕ್ ನಟ್ ಅಲ್ಲೇ ಇವೆ. ಕೇಬಲ್ ಸಡಿಲಿಸಿಕೊಂಡು ಮೊದಲು ಇಲ್ಲಿ ಕೂದಲೆಳೆಯ ಆಟ ಉಳಿಸಿ, ಆಮೇಲೆ ಕೇಬಲ್ ಎಳೆಯಬೇಕು. ನಮ್ಮಲ್ಲಿ ಬಹುತೇಕರು ಕೇಬಲ್ ಒಂದನ್ನೇ ವರ್ಷಗಟ್ಟಲೆ ಎಳೆದೆಳೆದು, ಒಳಗಿನ ಕ್ಲಚ್ ತೋಳು ಅಡ್ಡಾದಿಡ್ಡಿ ಕೋನಕ್ಕೆ ಹೋಗಿ, ಲಿವರ್ ಪೂರ್ತಿ ಹಿಡಿದರೂ ಕ್ಲಚ್ ಪ್ಲೇಟುಗಳು ಅಂಟಿಕೊಂಡೇ ಇರುವಂತೆ ಮಾಡಿಟ್ಟಿರುತ್ತಾರೆ. ಆಮೇಲೆ ಫೈಂಡರನ್ನು ಹೊಗಳುತ್ತಾರೆ. ಊರುಗೋಲು ಕೆತ್ತನೆಯದಾದರೆ ಕುಂಟನ್ನು ಮರೆಯಬಹುದೇನೋ. ಮೈಸೂರಿನ ಐಡಿಯಲ್ ಜಾವಾದವರು ಕಟ್ಟಿದ ಗಾಡಿಗಳಲ್ಲಿ ಗೇರ್ ಲಿವರ್ ತುಳಿದರೆ ಕ್ಲಚ್ ತಾನಾಗಿಯೇ ಬಿಡುತ್ತಿತ್ತು, ಅದೇ ಲಿವರ್ ಒಳಕ್ಕೊತ್ತಿ ತಿರುಗಿಸಿದರೆ ಕಿಕ್ಕರ್ ಕೂಡ ಆಗುತ್ತಿತ್ತು. ಜಾಣ್ಮೆ ಎಂದರೆ ಅದು. ಕಾಯಿಲೆಗೆ ಆಭರಣ ತೊಡಿಸುವ ಬದಲು ಕೈಯ ಕೆಲಸವನ್ನೇ ಕಡಿಮೆ ಮಾಡಿದ್ದು. ಬುಲೆಟ್ಟಿನವನಾದ ನಾನೇ ಇದನ್ನು ಒಪ್ಪಿಕೊಳ್ಳುತ್ತಿದ್ದೇನೆ, ಮೈಸೂರಿನ ಗೆಳೆಯರು ಇದನ್ನು ಕತ್ತರಿಸಿ ಇಟ್ಟುಕೊಳ್ಳಬಹುದು.

ಈಗ ಎರಡು ಬಣಗಳ ಮಾತು. ಐದು ಗೇರಿನವರು ನಾಲ್ಕು ಗೇರಿನ ಪೆಟ್ಟಿಗೆ ಕಿತ್ತು ಐದರದ್ದನ್ನು ಕೂರಿಸಿ, ‘ಪ್ರಾಬ್ಲಮ್ ಸಾಲ್ವ್’ ಎನ್ನುತ್ತಾರೆ. ಐದು ಗೇರಿನದು ನಯ, ವಾದವಿಲ್ಲ. ಎಡಗಾಲಿನ ಗೇರಿಗೆ ಒಗ್ಗಿದವರಿಗೆ ಅದು ಬೇಕಾದರೆ ಅದೂ ಸರಿಯಾದ ಕಾರಣವೇ. ಆದರೆ ಎರಡು ನಟ್ಟಿನ ತಪ್ಪನ್ನು ಇಡೀ ಪೆಟ್ಟಿಗೆಯ ತಪ್ಪೆಂದು ಬರೆದು ತೀರ್ಪು ಕೊಡುವುದು, ಒಂದು ಅಚ್ಚಿನ ದೋಷಕ್ಕೆ ಕಾದಂಬರಿಯನ್ನೇ ಗುಜರಿಗೆ ಹಾಕಿದಂತೆ. ಇವರ ಜೊತೆ ಜಗಳವಾಡಬಹುದು. ನನಗೆ ಸಿಟ್ಟು ಬರುವುದು ಇನ್ನೊಂದು ಬಣದ ಮೇಲೆ. ಫಾಲ್ಸ್ ನ್ಯೂಟ್ರಲ್ ಬುಲೆಟ್ಟಿನ ‘ಸ್ವಭಾವ’ವಂತೆ, ‘ಗಾಡಿ ನಿಮ್ಮ ಜೊತೆ ಮಾತಾಡುತ್ತೆ’ ಅಂತೆ, ಅದನ್ನು ಕಾಲಿನಿಂದ ಒಲಿಸಿಕೊಳ್ಳಬೇಕಂತೆ. ಘಾಟಿಯ ಇಳಿಜಾರಿನಲ್ಲಿ ಲಾರಿಯ ಹಿಂದೆ ಇವರನ್ನು ಕೂರಿಸಿ ಈ ಸಂಭಾಷಣೆ ಆಲಿಸಬೇಕೆಂಬ ಆಸೆ ನನಗಿದೆ.

ಈ ಬಣದವರ ಕೈಯಲ್ಲಿ ತಪ್ಪದೆ ರಾಬರ್ಟ್ ಪಿರ್ಸಿಗ್ ಅವರ ‘ಝೆನ್ ಅಂಡ್ ದಿ ಆರ್ಟ್ ಆಫ್ ಮೋಟರ್‌ಸೈಕಲ್ ಮೇಂಟೆನೆನ್ಸ್’ ಇರುತ್ತದೆ. 1974ರ ಆ ಪುಸ್ತಕದಿಂದ ಇವರು ಹೆಕ್ಕುವುದು ‘ಗುಣ’ ಎಂಬ ತತ್ತ್ವವನ್ನು, ದಿಗಂತವನ್ನು, ಗಾಳಿಯನ್ನು. ಅದೇ ಪುಸ್ತಕದಲ್ಲಿ ಒಂದು ಗ್ಯಾರೇಜಿನ ಪ್ರಸಂಗವಿದೆ. ರೇಡಿಯೋ ಗಟ್ಟಿಯಾಗಿ ಹಾಕಿಕೊಂಡ ಹುಡುಗರು ಎಂಜಿನ್ನನ್ನು ಮತ್ತೆಮತ್ತೆ ಬಿಚ್ಚಿ ಹಾಳುಮಾಡುತ್ತಾರೆ. ಕೊನೆಗೆ ನೋಡಿದರೆ ಎಲ್ಲದಕ್ಕೂ ಕಾರಣ ಎಣ್ಣೆ ಹರಿಯುವ ದಾರಿಯಲ್ಲಿ ಮುರಿದಿದ್ದ, ಇಪ್ಪತ್ತೈದು ಸೆಂಟು ಬೆಲೆಯ ಒಂದು ಪಿನ್ನು. ನನ್ನ ಪಾಲಿಗೆ ಪುಸ್ತಕದ ಹೃದಯ ಆ ಪಿನ್ನು. ಬುಲೆಟ್ ಪ್ರಬಂಧಗಳಲ್ಲಿ ಅದರ ಸುಳಿವೇ ಇಲ್ಲ. ಮೋಟರ್‌ಸೈಕಲ್ ಬಗ್ಗೆ ಬರೆಯುತ್ತ ಬೆಟ್ಟ, ಮಂಜು, ಒಂಟಿತನಗಳಿಗೆ ಪುಟಗಳನ್ನೇ ಕೊಡುವವರು ನಟ್ಟಿಗೆ ಒಂದು ಸಾಲು ಕೊಡಲಾರರು. ಲೇಖಕರ ಕೈ ಎಣ್ಣೆಯಾಗಿಲ್ಲ ಎನ್ನುವುದು ಮೂರನೇ ವಾಕ್ಯಕ್ಕೇ ಗೊತ್ತಾಗಿಬಿಡುತ್ತದೆ.

ಪೆಟ್ಟಿಗೆಯ ದೋಷಗಳನ್ನೂ ಹೇಳಿಬಿಡಬೇಕು. ಸೋರುತ್ತದೆ. ತೊಂಬತ್ತನೇ ನಂಬರ್ ಎಣ್ಣೆ ಹಾಕಿದರೆ ನೆಲಕ್ಕೆ ಬೊಟ್ಟಿಡುತ್ತದೆಂದು ನಮ್ಮವರು ಗ್ರೀಸ್ ಬೆರೆಸುತ್ತಾರೆ. ಬರಿಯ ಗಟ್ಟಿ ಗ್ರೀಸ್ ತುಂಬಿದರೆ ಗೇರು ಅದರಲ್ಲಿ ಕಾಲುವೆ ಕೊರೆದುಕೊಂಡು ಒಣಗಿಯೇ ತಿರುಗುತ್ತದೆ. ಬುಷ್‌ಗಳು ಸವೆಯುತ್ತವೆ. ಕಿಕ್ ಜಾರುತ್ತದೆ. ಇವು ನಿಜವಾದ ದೂರುಗಳು, ಇವಕ್ಕೆ ಬಿಚ್ಚಲಿ, ಬದಲಿಸಲಿ.

ಹೋದ ವಾರ ಅಕ್ಕನ ಮಗ ಗಾಡಿ ಕೇಳಿದ. ಹತ್ತು ಹೆಜ್ಜೆ ಹೋಗಿ, ಎದುರಿಗೆ ಆಕಳು ಬಂತೆಂದು ಬಲಗಾಲು ಬಲವಾಗಿ ಒತ್ತಿದ. ಅವನ ಪಾಲಿಗೆ ಅದು ಬ್ರೇಕು. ಎರಡರಲ್ಲಿದ್ದ ಗೇರು ಚೂರೂ ತಡವರಿಸದೆ ಮೂರಕ್ಕೆ ಬಿತ್ತು. ಆಕಳು ತಾನೇ ಪಕ್ಕಕ್ಕೆ ಸರಿಯಿತು. ಹುಡುಗ ಬೆವರೊರೆಸಿಕೊಳ್ಳುತ್ತ ಬಂದು, ‘ಮಾಮ, ಇದರ ಗೇರ್‌ಬಾಕ್ಸ್ ಎಸೀಬೇಕು’ ಅಂದ.